ದೇವರಿಗೆಂದು ಬಿಟ್ಟ ಹೀರೆಕಾಯಿ

ಭದ್ರಾವತಿಯಲ್ಲಿ ಕಾರ್ಖಾನೆಯ ಸೈರನ್ ಕೇಳಿಯೇ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ ಅದು. ನಾವಿದ್ದದ್ದು ಹೆಂಚಿನ ಸಾಲುಮನೆಗಳಲ್ಲಿ. ಒಂದು ಮನೆಯಲ್ಲಿ ಒಣಮೀನು ಸುಟ್ಟರೆ ಇಡೀ ಸಾಲಿಗೆ ವಾಸನೆ, ಒಂದು ಮನೆಯಲ್ಲಿ ಜಗಳವಾದರೆ ಇಡೀ ಸಾಲಿಗೆ ವಿಷಯ. ನಮ್ಮದು ತಮಿಳು ಮಾತಿನ ಕ್ರೈಸ್ತ ಮನೆ. ಕೆಲಸ ಹುಡುಕಿಕೊಂಡು ಬಂದ ತಾತ ಇಲ್ಲೇ ಉಳಿದುಬಿಟ್ಟಿದ್ದರು. ಎಡಕ್ಕೆ ತೆಲುಗಿನವರು, ಬಲಕ್ಕೆ ಲಿಂಗಾಯತರ ಗಿರಿಜಕ್ಕ. ಕುಂಟಾಬಿಲ್ಲೆ ಆಡುವಾಗ ನಾವು ಮಕ್ಕಳು ಮೂರು ಭಾಷೆಯಲ್ಲೂ ಬೈದುಕೊಳ್ಳುತ್ತಿದ್ದೆವು. ಪ್ರಾರ್ಥನೆ ಮಾತ್ರ ಕನ್ನಡದಲ್ಲಿ.

ನನಗೆ ಕ್ರಿಸ್ಮಸ್ಸಿಗಿಂತ ಸುಗ್ಗಿ ಹಬ್ಬ ಇಷ್ಟ. ಆ ಭಾನುವಾರ ಪ್ರತಿ ಮನೆಯವರೂ ತಾವು ಬೆಳೆದದ್ದರಲ್ಲಿ ಮೊದಲನೆಯದನ್ನು ಚರ್ಚಿಗೆ ತಂದು ಮೇಜಿನ ಮೇಲಿಡುತ್ತಿದ್ದರು. ಕಬ್ಬು, ಹೊಸ ಭತ್ತದ ತೆನೆ, ಮಾಗಿದ ಬಾಳೆಗೊನೆ ಎಲ್ಲ ಸೇರಿ ಚರ್ಚಿನೊಳಗೆ ಸಂತೆಯ ವಾಸನೆ. ಕಾಲು ಕಟ್ಟಿದ ಕೋಳಿಗಳು ಪಾದ್ರಿ ಅಯ್ಯನವರ ಪ್ರಸಂಗದ ನಡುವೆ ಕೂಗಿ ನಮ್ಮನ್ನು ನಗಿಸುತ್ತಿದ್ದವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದೆಲ್ಲದರ ಹರಾಜು. ಹರಾಜಿಗೆ ಬೀದಿಯವರೂ ಬರುತ್ತಿದ್ದರು, ಜಾತಿ ಮತ ಯಾರೂ ಕೇಳುತ್ತಿರಲಿಲ್ಲ.

ನಮಗೆ ಹೊಲವಿಲ್ಲ, ಗದ್ದೆಯಿಲ್ಲ. ಅಪ್ಪ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಪ್ರತಿ ವರ್ಷ ಅಮ್ಮ ಸಂತೆಯಿಂದ ಒಂದು ದೊಡ್ಡ ಕುಂಬಳಕಾಯಿ ಕೊಂಡು ಮೇಜಿನ ಮೇಲಿಡುತ್ತಿದ್ದಳು. ಆ ವರ್ಷ ಮಳೆಗಾಲದಲ್ಲಿ ಅಪ್ಪ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡರು. ಕೆಲಸವಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ದಿನವೂ ಗಂಜಿ, ಅದಕ್ಕೊಂದು ಚಟ್ನಿ. ಅಮ್ಮನ ಚಿಂತೆಯೆಲ್ಲ ಹಬ್ಬದ್ದೇ.

"ದೇವರು ಇಷ್ಟು ವರ್ಷ ಕಾಪಾಡಿದಾನೆ. ಬರೀ ಕೈಯಲ್ಲಿ ಹೇಗೆ ಹೋಗ್ಲಿ ಅಕ್ಕ?" ಎಂದು ಗಿರಿಜಕ್ಕನ ಹತ್ತಿರ ಹೇಳಿಕೊಂಡಳು.

ಗಿರಿಜಕ್ಕ ಒಳಗೆ ಹೋಗಿ ಒಂದಿಷ್ಟು ಹೀರೆಬೀಜ ತಂದುಕೊಟ್ಟರು. "ಹಿತ್ತಲಲ್ಲಿ ಊರಿ. ಬಂದ್ರೆ ಬಂತು."

ಹಿತ್ತಲೆಂದರೆ ಕಬ್ಬಿಣದ ಕಿಟ್ಟ ಬೆರೆತ ಕಪ್ಪು ನೆಲ. ಅಮ್ಮನಾದರೋ ಹುಟ್ಟಿದಾಗಿನಿಂದ ಒಂದು ತುಳಸಿ ಗಿಡವನ್ನೂ ಬೆಳೆಸಿದವಳಲ್ಲ. ಆದರೂ ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಅಲ್ಲಿಗೇ ಸುರಿದಳು. ಒಂದೇ ಬೀಜ ಮೊಳೆತು ಬಚ್ಚಲುಮನೆಯ ಶೀಟಿನ ಮೇಲೆ ಹಬ್ಬಿತು. ಹೀರೆ ಹೂವು ಅರಳುವುದು ಸಂಜೆ. ಆಟ ಬಿಟ್ಟು ನಾವೆಲ್ಲ ಅದರ ಕೆಳಗೆ ಕೂತು ಹಳದಿ ಹೂವು ಬಿಚ್ಚಿಕೊಳ್ಳುವುದನ್ನು ಕಾಯುತ್ತಿದ್ದೆವು. ಆಮೇಲೊಂದು ಮಧ್ಯಾಹ್ನ ಬೀದಿ ಹಸು ನುಗ್ಗಿ, ಬಾಯಿಗೆಟಕುವಲ್ಲಿದ್ದ ಬಳ್ಳಿಯನ್ನೆಲ್ಲ ಮೇಯ್ದು ಹೋಯಿತು. ಶೀಟಿನ ಮೇಲಿದ್ದ ಒಂದು ಕುಡಿ, ಅದರಲ್ಲೊಂದು ಎಳೆಗಾಯಿ ಉಳಿಯಿತು.

"ಇದು ದೇವರದ್ದು. ಯಾರೂ ಮುಟ್ಟಬಾರದು" ಎಂದಳು ಅಮ್ಮ.

ಕಾಯಿ ಮೊಳದುದ್ದ ಬೆಳೆಯಿತು. ಅಪ್ಪ ಮಂಚದಿಂದಲೇ ಅದರ ಮೇಲೆ ಕಣ್ಣಿಟ್ಟಿದ್ದರು. "ಪಲ್ಯ ಮಾಡೇ ಮಾರಾಯ್ತಿ. ದೇವರೇನೂ ಬೇಜಾರು ಮಾಡ್ಕೊಳಲ್ಲ."

"ನಿಮ್ಮ ಹತ್ರ ಬಂದು ಹೇಳಿದ್ನಾ?"

ಗಿರಿಜಕ್ಕನೂ ಬೇಲಿಯಾಚೆಯಿಂದ ಎಚ್ಚರಿಸಿದರು. "ಕಿತ್ಬಿಡಿ ಎಸ್ತರಮ್ಮ. ಹೀರೆಕಾಯಿ ಹಬ್ಬದ ತನಕ ಹೀಗೇ ಇರಲ್ಲ, ಬಲಿತುಬಿಡುತ್ತೆ."

"ಇನ್ನೇನು ಬರೋ ಭಾನುವಾರ ಅಕ್ಕ."

ಆದರೆ ಆ ಭಾನುವಾರ ಹಬ್ಬವಾಗಲಿಲ್ಲ. ನಮ್ಮದು ಸಣ್ಣ ಸಭೆ, ಅಯ್ಯನವರು ಶಿವಮೊಗ್ಗದಿಂದ ಬರಬೇಕು. ಅವರಿಗೆ ಜ್ವರವೆಂದು ಹಬ್ಬ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಹೋಯಿತು. ಹೀರೆಕಾಯಿ ಹಳದಿಯಾಗಿ, ಕಂದಾಗಿ, ಒಣಗಿಹೋಯಿತು. ಹಬ್ಬದ ಹಿಂದಿನ ಸಂಜೆ ಅಮ್ಮ ಸ್ಟೂಲು ಹತ್ತಿ ಕಿತ್ತಾಗ ಅದರಲ್ಲಿ ತೂಕವೇ ಇರಲಿಲ್ಲ. ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಭಾನುವಾರದ ಪಾಠಶಾಲೆಯಲ್ಲಿ ನಾನು ತಲಾಂತುಗಳ ಕಥೆ ಕೇಳಿದ್ದೆ. ಯಜಮಾನ ಕೊಟ್ಟ ಒಂದೇ ತಲಾಂತು ಹಣವನ್ನು ನೆಲದಲ್ಲಿ ಹೂತಿಟ್ಟು, ಹಾಗೇ ತಂದು ಒಪ್ಪಿಸಿದ ಆಳಿಗೆ ಬೈಗುಳ ಬಿದ್ದ ಕಥೆ. ಅಮ್ಮನೂ ಇದ್ದ ಒಂದನ್ನು ತಿನ್ನದೆ, ಯಾರಿಗೂ ಕೊಡದೆ ಇಟ್ಟುಕೊಂಡಳಲ್ಲ, ಇವಳಿಗೂ ಬೈಯುತ್ತಾರೇನೋ ಎಂದು ನನಗೆ ನಿಜವಾಗಿ ಭಯವಾಯಿತು.

"ಇರೋದು ಇದೇ ಕಣೇ. ಇದನ್ನೇ ತಗೊಂಡು ಹೋಗೋಣ" ಎಂದಳು ಅಮ್ಮ.

ಮರುದಿನ ಮೇಜಿನ ಮೇಲೆ ಕುಂಬಳ, ಬಾಳೆಗೊನೆಗಳ ನಡುವೆ ಅದನ್ನಿಟ್ಟು ಬಂದು, ಆರಾಧನೆ ಮುಗಿಯುವ ತನಕ ಅಮ್ಮ ಆ ಕಡೆ ನೋಡಲಿಲ್ಲ. ಹರಾಜು ಕೂಗುತ್ತಿದ್ದವರು ಸ್ಯಾಮುವೇಲ್ ಮಾಮ, ಸಭೆಯ ಹಿರಿಯರು. ಯಾರನ್ನೂ ಕೀಟಲೆ ಮಾಡದೆ ಬಿಡುವವರಲ್ಲ. ಹೀರೆಕಾಯಿ ಎತ್ತಿ ಹಿಡಿದು, "ಇದ್ಯಾರ ಮನೆ ಪ್ರಥಮ ಫಲ? ಬೆನ್ನುಜ್ಜೋಕೆ ಬಹಳ ಒಳ್ಳೇದು" ಎಂದರು. ಜನ ನಕ್ಕರು. ಅದರಲ್ಲಿ ಕೆಟ್ಟತನವಿರಲಿಲ್ಲ. ಆದರೆ ಅಮ್ಮ ನನ್ನ ಕೈ ಹಿಡಿದುಕೊಂಡು ಹೊರಡಲು ತಿರುಗಿದಳು.

ಗೇಟಿನ ಹತ್ತಿರದಿಂದ ಗಿರಿಜಕ್ಕ ಚೀಲ ಹಿಡಿದುಕೊಂಡು ನುಗ್ಗಿ ಬಂದರು. "ಅದು ನಂಗೆ ಬೇಕು ಕಣಣ್ಣ. ಬೀಜದ ಕಾಯಿ ಅದು. ನಮ್ಮೂರಲ್ಲಿ ಬಳ್ಳೀಲಿ ಯಾವ್ದು ಚೆನ್ನಾಗಿರುತ್ತೋ ಅದನ್ನ ತಿನ್ನಲ್ಲ, ಬೀಜಕ್ಕೆ ಬಿಡ್ತಾರೆ."

ಸ್ಯಾಮುವೇಲ್ ಮಾಮ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಒಳಗೆ ಬೀಜ ಗಲಗಲ ಎಂದವು. ಹಿಂದಿನಿಂದ ಹಳ್ಳಿಯವರೊಬ್ಬರು "ನಂಗೂ ನಾಲ್ಕು ಬೀಜ ಇರ್ಲಿ" ಎಂದರು. ಇನ್ನೊಬ್ಬರು ಕೂಗಿದರು, ಮತ್ತೊಬ್ಬರು ಕೂಗಿದರು. ಕೊನೆಗೆ ಅಯ್ಯನವರೇ ಬಂದು ಕಾಯಿಯ ತುದಿ ಮುರಿದು ಕೊಡವಿದರು. ಕೇಳಿದವರ ಕೈಗೆಲ್ಲ ಕರಿ ಬೀಜ ಹಂಚಿದರು. ಪ್ರಸಂಗವೇನೂ ಮಾಡಲಿಲ್ಲ. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು "ಸ್ತೋತ್ರ, ಸ್ತೋತ್ರ" ಎನ್ನುತ್ತ ಅಳುತ್ತಿದ್ದಳು.

ಮನೆಗೆ ಬರುವಾಗ ಕೇಳಿದಳು: "ಅಕ್ಕ, ಕಿತ್ಬಿಡಿ ಅಂದಿದ್ದು ನೀವೇ ಅಲ್ವಾ?"

"ಹೂಂ. ಆವತ್ತು ನಿಮ್ಮ ಮನೇಲಿ ತಿನ್ನೋಕಿರ್ಲಿಲ್ಲ, ಅದಕ್ಕೆ ಅಂದೆ" ಎಂದು ಗಿರಿಜಕ್ಕ ಬಿರಬಿರನೆ ಮುಂದೆ ನಡೆದರು.

ಮುಂದಿನ ಮಳೆಗಾಲಕ್ಕೆ ಸಾಲಿನ ಎಲ್ಲ ಬೇಲಿಗಳ ಮೇಲೂ ಹೀರೆಬಳ್ಳಿ. ಪಲ್ಯ, ಬಜ್ಜಿ, ಸಿಪ್ಪೆಯ ಚಟ್ನಿ. ಕಾಲು ಸರಿಯಾಗಿ ಕೆಲಸಕ್ಕೆ ಹೊರಟಿದ್ದ ಅಪ್ಪ, ಬುತ್ತಿಗೆ ಬೇರೆ ಏನಾದರೂ ಹಾಕು ಎಂದು ಬೇಡಿಕೊಳ್ಳುವ ಹಾಗಾಯಿತು.

ಈಗ ಆ ಸಾಲುಮನೆಗಳಿಲ್ಲ. ಅಪ್ಪ, ಅಮ್ಮ ಇಬ್ಬರೂ ಇಲ್ಲ. ಗಿರಿಜಕ್ಕ ಮನೆ ಬಿಟ್ಟು ಹೋದ ಮೇಲೆ ಎಲ್ಲಿದ್ದಾರೋ ತಿಳಿಯಲಿಲ್ಲ. ನಾನು ಶಿವಮೊಗ್ಗದಲ್ಲಿದ್ದೇನೆ. ನಮ್ಮ ಸಭೆ ದೊಡ್ಡದು, ಅನುಕೂಲಸ್ಥರದ್ದು. ಸುಗ್ಗಿ ಹಬ್ಬ ಈಗಲೂ ಆಗುತ್ತದೆ. ಹಣ್ಣಿನಂಗಡಿಗೆ ಫೋನ್ ಮಾಡಿದರೆ ಸೇಬು, ಕಿವಿಹಣ್ಣು ಜೋಡಿಸಿ, ಪ್ಲಾಸ್ಟಿಕ್ ಸುತ್ತಿದ ಬುಟ್ಟಿಯನ್ನು ನೇರ ಚರ್ಚಿಗೇ ತಂದಿಡುತ್ತಾರೆ. ನಾನೂ ಹಾಗೇ ತರಿಸುತ್ತೇನೆ. ಅಮ್ಮನಿಗಿಂತ ಎಷ್ಟೋ ಹೆಚ್ಚು ಕೊಡುತ್ತೇನೆ, ಆದರೆ ಇರೋದು ಇದೇ ಎಂದು ಎಂದೂ ಕೊಟ್ಟದ್ದಿಲ್ಲ. ಒಂದು ಸಲ, ಒಂದೇ ಸಲ, ಅವಳ ಹಾಗೆ ಕೊಡಬೇಕೆಂದು ಆಸೆಯಾಗುತ್ತದೆ.

ಕಳೆದ ಹಬ್ಬದಲ್ಲಿ ಪಕ್ಕ ಕೂತಿದ್ದ ನನ್ನ ಮಗಳು ಮೆಲ್ಲಗೆ ಕೇಳಿದಳು: "ಅಮ್ಮ, ಅದ್ರಲ್ಲಿ ನಮ್ದು ಯಾವ್ದು?"

ಕತ್ತು ಚಾಚಿ ನೋಡಿದೆ. ಮೇಜಿನ ತುಂಬ ಬುಟ್ಟಿಗಳು, ಎಲ್ಲ ಒಂದೇ ಅಂಗಡಿಯವು. ನಮ್ಮದು ಯಾವುದೆಂದು ನನಗೂ ಗೊತ್ತಾಗಲಿಲ್ಲ.