ವೈನಿಯ ಹೆಬ್ಬೆರಳು

ವೈನಿಯ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಎಳೆ ಹೊಸೆದು ಹೊಸೆದು ಬೆರಳ ತುದಿ ಚಪ್ಪಟೆಯಾಗಿ, ಹಳ್ಳದ ಕಲ್ಲಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ರೇಶನ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿಯ ಮುದ್ದೆ. ಗುಮಾಸ್ತ ಮೂರು ಸಲ ಒತ್ತಿಸಿ ಬೇಸತ್ತು, "ಅಕ್ಕಾರ, ಬೆರಳು ಎಲ್ಲಿ ಸವೆಸಿಕೊಂಡು ಬಂದೀರಿ?" ಎಂದಾಗ ಆಕೆ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಹಿಂದೆ ನಿಂತಿದ್ದ ನಾನು ನಗಲಿಲ್ಲ. ಅಂಥ ಬೆರಳು ನನಗಿರಬೇಕಿತ್ತು ಅನಿಸುತ್ತಿತ್ತು.

ಹೌದು, ಹೊಟ್ಟೆಕಿಚ್ಚು. ಈಗ ಮುಚ್ಚಿಟ್ಟು ಏನು ಮಾಡಲಿ?

ಸೊಲ್ಲಾಪುರದಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ನನ್ನ ತವರು ನಾಗಣಸೂರ, ಆಕೆಯದು ಚಪಳಗಾಂವ, ಎರಡೂ ಅಕ್ಕಲಕೋಟ ತಾಲೂಕು. ಆಕೆಯ ಅಪ್ಪ ಕುರಿ ಸಾಕುತ್ತಿದ್ದ. ಹುಡುಗಿಯಾಗಿದ್ದಾಗಿನಿಂದ ಉಣ್ಣೆ ಹೊಸೆದ ಕೈ. ಮದುವೆಯಾಗಿ ನಮ್ಮ ಓಣಿಗೆ ಬಂದವಳು ಇಡೀ ಓಣಿಗೇ ವೈನಿ, ಅಂದರೆ ಅತ್ತಿಗೆ, ಆದಳು. ನಾನು ಆಕೆಗಿಂತ ಆರು ವರ್ಷ ಮೊದಲೇ ಬಂದವಳು, ನನ್ನನ್ನು ಯಾರೂ ವೈನಿ ಅನ್ನಲಿಲ್ಲ!

ನಮ್ಮ ಗಂಡಂದಿರು ಕೈಮಗ್ಗದಲ್ಲಿ ನೇಯುತ್ತಿದ್ದರು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಕೂಡಿಸಬೇಕು. ಅದು ಹೆಂಗಸರ ಕೆಲಸ. ನಾನು ಗಂಟು ಹಾಕುತ್ತಿದ್ದೆ, ಎಳೆದರೂ ಬಿಚ್ಚದ ಗಂಟು. ಓಣಿಯಲ್ಲಿ ನನ್ನ ಗಂಟಿಗೆ ಹೆಸರಿತ್ತು. ವೈನಿ ಗಂಟೇ ಹಾಕುತ್ತಿರಲಿಲ್ಲ. ಎರಡು ತುದಿ ಜೋಡಿಸಿ, ಹೆಬ್ಬೆರಳಿಗೆ ಚೂರು ಬೂದಿ ಮುಟ್ಟಿಸಿ, ಒಮ್ಮೆ ಹೊಸೆದರೆ ಮುಗಿಯಿತು. ಎಲ್ಲಿ ಕೂಡಿತು ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. "ಇದೇನು ಪೋರಿಯರ ಆಟ" ಎಂದು ನಾನು ಮೂಗು ಮುರಿಯುತ್ತಿದ್ದೆ.

ಆಮೇಲೆ ನಮಗೆಲ್ಲ ನೂಲು ಕೊಡುತ್ತಿದ್ದ ಶೇಟಜಿ ಓಣಿಯ ತುದಿಯಲ್ಲಿ ತಗಡಿನ ಶೆಡ್ಡು ಹಾಕಿ ನಾಲ್ಕು ಕರೆಂಟಿನ ಮಗ್ಗ ತಂದರು. ನೋಡನೋಡುತ್ತ ಓಣಿಯ ಕೈಮಗ್ಗಗಳು ನಿಂತವು. ನನ್ನ ಗಂಡನ ಮಗ್ಗದ ಕಂಬಕ್ಕೆ ನಾವು ಆಡು ಕಟ್ಟತೊಡಗಿದೆವು. ಇನ್ನು ಶೆಡ್ಡಿನಲ್ಲಿ ಎಳೆ ಕೂಡಿಸುವ ಕೆಲಸ ಸಿಕ್ಕರೆ ಮಾತ್ರ ಮನೆಯಲ್ಲಿ ಒಲೆ ಉರಿಯಬೇಕು. ಅಲ್ಲಿ ಬೇಕಾಗಿದ್ದವಳು ಒಬ್ಬಳೇ.

ನನ್ನ ಹೆಸರಾದ ಗಂಟು ಆ ಮಗ್ಗದಲ್ಲಿ ಮಾನ ಕಳೆಯಿತು. ಅದರ ಓಟ ಜೋರು. ಗಂಟು ಬಾಚಣಿಗೆಯಂಥ ಫಣಿಯ ಹಲ್ಲಿಗೆ ಸಿಕ್ಕಿ ಎಳೆ ಪಟ್ಟನೆ ಹರಿಯುತ್ತಿತ್ತು, ಮಗ್ಗ ನಿಲ್ಲುತ್ತಿತ್ತು, ಶೇಟಜಿ ತಲೆ ಚಚ್ಚಿಕೊಳ್ಳುತ್ತಿದ್ದರು. ವೈನಿ ಹೊಸೆದ ಎಳೆ ಮಾತ್ರ ಸಲೀಸಾಗಿ ಹಾಯುತ್ತಿತ್ತು. ಕೊನೆಗೆ ಶೇಟಜಿ, "ನಾಳೆ ಇಬ್ಬರೂ ಒಂದೊಂದು ಹಾಸು ಕೂಡಸ್ರಿ. ಯಾರದು ಛಲೋ ಓಡ್ತದ, ಅವರಿಗೆ ಕೆಲಸ" ಎಂದರು.

ರಾತ್ರಿಯೆಲ್ಲ ನನಗೆ ಒಂದೇ ಯೋಚನೆ. ವೈನಿ ದಿನಾ ಬೆಳಗ್ಗೆ ಬಾಗಿಲ ಬಳಿ ತೂಗುವ ಚೀಲದಿಂದ ಕುರಿಯವರ ದೇವರು ಬೀರೋಬಾನ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡೇ ಕೆಲಸಕ್ಕೆ ಕೂಡುವುದು. ಆಕೆಯ ಹೆಬ್ಬೆರಳಿನಲ್ಲಿ ದೇವರೇ ಕೂತಿದ್ದಾನೆ, ಇಲ್ಲದಿದ್ದರೆ ಕುರಿಯವರ ಮಗಳಿಗೆ ಈ ಕೈ ಎಲ್ಲಿಂದ ಬರಬೇಕು? ಬೆಳಗ್ಗೆ ಆಕೆ ನಳದ ನೀರಿಗೆ ಹೋದಾಗ ನಾನು ಒಂದು ಹಿಡಿ ಭಂಡಾರ ಕದ್ದು ಸೆರಗಿಗೆ ಗಂಟು ಹಾಕಿಕೊಂಡೆ.

ಶೆಡ್ಡಿನಲ್ಲಿ ಬೂದಿಯ ಬದಲು ಅದನ್ನೇ ಬೆರಳಿಗೆ ತಿಕ್ಕಿ ತಿಕ್ಕಿ ಹೊಸೆದೆ. ಅಯ್ಯ, ಭಂಡಾರವೆಂದರೆ ಅರಿಶಿಣ ಎಂಬುದೂ ನನ್ನ ತಲೆಗೆ ಹೊಳೆಯಲಿಲ್ಲ! ಅರ್ಧ ಹಾಸು ಮುಗಿಸಿ ತಲೆಯೆತ್ತಿದರೆ, ಹಾಲಿನಂಥ ಬಿಳಿ ನೂಲಿನ ಮೇಲೆ ಅಡ್ಡಕ್ಕೆ ಹಳದಿ ಪಟ್ಟಿ. ಗಾಬರಿಯಾಗಿ ಸಾಬಾಣದ ನೀರಿನಲ್ಲಿ ಅರಿವೆ ಅದ್ದಿ ಒರೆಸಿದೆ. ಹಳದಿ ಹೋಗಿ ಕೆಂಪಾಯಿತು.

ಶೇಟಜಿ ಬಂದು ನೋಡಿ ಚೀರಿದರು: "ಹೇ ಕಾಯ್, ಏನಿದು! ನನ್ನ ಮಗ್ಗಕ್ಕ ಹಳದಿ-ಕುಂಕು ಮಾಡಾಕತ್ತೀ? ಏಳು, ಮನಿಗಿ ಹೋಗು!"

ವೈನಿ ತನ್ನ ಹಾಸು ಬಿಟ್ಟು ಎದ್ದು ಬಂದಳು. ನನ್ನ ಉಗುರು ನೋಡಿದಳು, ಸೆರಗಿನ ಗಂಟು ನೋಡಿದಳು. ಎಲ್ಲ ತಿಳಿಯಿತು ಆಕೆಗೆ. ಈಗ ನನ್ನ ಮಾನ ಹರಾಜು ಹಾಕುತ್ತಾಳೆ ಎಂದುಕೊಂಡೆ.

"ತಡೀರಿ ಶೇಟಜಿ. ಸಾಬಾಣ ಮುಟ್ಟಸಬ್ಯಾಡ್ರಿ, ಬರೀ ನೀರು ಸಾಕು. ಮ್ಯಾಲಿನ ತಗಡು ಸರಸ್ರಿ, ಬಿಸಲು ಬೀಳ್ಲಿ. ನಮ್ಮಪ್ಪನ ರುಮಾಲು ವರ್ಷಾ ಜಾತ್ರ್ಯಾಗ ಭಂಡಾರ ಬಿದ್ದು ಹಳದಿ ಆಗ್ತದ, ಬಿಸಲಿಗಿ ಹಾಕಿದ್ರ ಬೆಳ್ಳಗಾಗ್ತದ."

ಬರೀ ನೀರಿನಲ್ಲಿ ಒರೆಸಿದಾಗ ಕೆಂಪು ಮತ್ತೆ ಹಳದಿಯಾಯಿತು, ತಗಡು ಸರಿಸಿದರು. ಎರಡು ಮಧ್ಯಾಹ್ನದ ಬಿಸಿಲು ಹಾಸಿನ ಮೇಲೆ ನೆಟ್ಟಗೆ ಬಿತ್ತು, ಹಳದಿ ಹೇಳಹೆಸರಿಲ್ಲದೆ ಹೋಯಿತು. ಎರಡನೆಯ ಸಂಜೆ ಶೇಟಜಿ ಆಕೆಯನ್ನು ಹೊಗಳಿದ್ದೇ ಹೊಗಳಿದ್ದು. ತಪ್ಪು ನನ್ನದು, ಹೆಸರು ಆಕೆಗೆ! ಕೆಲಸವೂ ಆಕೆಗೇ ಹೋಯಿತು ಎಂದು ನಾನು ಅರಿವೆ ಕೊಡವಿ ಎದ್ದೆ. ಆಗ ವೈನಿ ಶೇಟಜಿಗೆ ಹೇಳಿದಳು: "ನಾ ಒಬ್ಬಾಕಿ ಕೂಡಸೂತನಕ ಮಗ್ಗ ಖಾಲಿ ನಿಲ್ಲತಾವ್ರಿ. ಈ ತುದಿಯಿಂದ ನಾ, ಆ ತುದಿಯಿಂದ ಆಕಿ. ಅರ್ಧ ವ್ಯಾಳ್ಯಾದಾಗ ಮಗ್ಗ ಓಡ್ತದ." ಶೇಟಜಿ ಗಡ್ಡ ಕೆರೆದುಕೊಂಡು, ನಾನು ಹೊಸೆಯುವುದು ಕಲಿತರೆ ಮಾತ್ರ ಎಂದು ಒಪ್ಪಿದರು.

ಮನೆಗೆ ಬರುವಾಗ ವೈನಿ ಬೈದಳು. "ಖೋಡಿ, ಭಂಡಾರ ಬೇಕಿದ್ರ ಕೇಳಬಾರದೇನ? ದೇವರು ಹೊಸಿಯೂದಿಲ್ಲ ನನ್ನವ್ವ, ಬೆರಳು ಹೊಸೀತದ." ಉಪಕಾರ ಮಾಡಿದವರ ಮೇಲೆ ಸಿಟ್ಟು ಇನ್ನೂ ಜಾಸ್ತಿ ಬರುತ್ತದೆ ಎಂದು ಆವತ್ತು ತಿಳಿಯಿತು.

ಆ ವಾರ ಇಬ್ಬರೂ ತವರಿಗೆ ಹೊರಟೆವು. ಅಕ್ಕಲಕೋಟದ ಮೋಟಾರಿನಲ್ಲಿ ಆಕೆ ತನ್ನ ಸೆರಗಿನ ಅಂಚಿನಿಂದ ಎರಡೆಳೆ ಕಿತ್ತು ನನ್ನ ಕೈಗಿಟ್ಟಳು. "ಹೊಸಿ." ಹೊಸೆದೆ, ಬಿಚ್ಚಿತು. "ಮತ್ತ ಹೊಸಿ." ಅಕ್ಕಲಕೋಟದಲ್ಲಿ ಇಳಿಯುವಾಗ ಆಕೆಯ ಸೆರಗಿನ ಅಂಚು ಬೋಳಾಗಿತ್ತು, ನನಗೆ ಮೂರು ಎಳೆ ಕೂಡಿಸಲು ಬಂದಿತ್ತು. ಆ ವಿದ್ಯೆಯ ಮೇಲೆಯೇ ನನ್ನ ಮಕ್ಕಳು ಉಂಡರು. ಆದರೂ ಶೆಡ್ಡಿನಲ್ಲಿ ಯಾರಾದರೂ "ಥೇಟ್ ವೈನಿ ಹಂಗ ಹೊಸೀತಿ" ಎಂದರೆ ನನಗೆ ಮೈ ಉರಿಯುತ್ತಿತ್ತು.

ಕೆಲವೇ ವರ್ಷಗಳಲ್ಲಿ ವೈನಿ ಜ್ವರಕ್ಕೆ ಬಿದ್ದು ಚಪಳಗಾಂವದ ತವರುಮನೆಯಲ್ಲೇ ಹೋದಳು. ಸುದ್ದಿ ಕೇಳಿ ಅದೇ ಮೋಟಾರು ಹತ್ತಿದೆ. ಇಳಿದಾಗ ನೋಡಿದರೆ ನನ್ನ ಸೆರಗಿನ ಅಂಚು ಬೋಳು, ಮಡಿಲ ತುಂಬ ಹೊಸೆದ ಎಳೆ.

ಆಕೆಯ ಹಣೆಯ ತುಂಬ ಭಂಡಾರ ಹಚ್ಚಿದ್ದರು. ನಾನು ಪಕ್ಕದಲ್ಲಿ ಕೂತು ಆ ಬಲಗೈ ತೆಗೆದುಕೊಂಡೆ. ಯಾರೂ ನೋಡದ ಹೊತ್ತಿಗೆ ಆಕೆಯ ಹೆಬ್ಬೆರಳಿಗೆ ನನ್ನ ಹೆಬ್ಬೆರಳು ಜೋಡಿಸಿದೆ. ಆಕೆಯದು ನುಣ್ಣಗಿತ್ತು. ನನ್ನದರಲ್ಲಿ ಇನ್ನೂ ಎರಡು ಗೆರೆ ಉಳಿದಿದ್ದವು. ಅಲ್ಲೂ ಆಕೆಯೇ ಗೆದ್ದಿದ್ದಳು. "ಏಳ ವೈನಿ, ಇನ್ನೂ ಎರಡು ಗೆರಿ ಉಳದಾವ" ಎಂದು ಅಂದೇಬಿಟ್ಟೆ, ಮನೆಯವರೆಲ್ಲ ತಿರುಗಿ ನೋಡುವಂತೆ ಅತ್ತೆ.