ಡೆಮೊ ನಿಲ್ಲುವ ಜಾಗ

ಡೆಮೊ ಇಟ್ಟರೆ ಜಪಾನಿನ ಕಂಪ್ಯೂಟರ್ ಆಟಗಳು ಹೆಚ್ಚು ಮಾರಾಟವಾಗುತ್ತವೆಯೇ ಎಂದು ಬೆಂಗಳೂರಿನಿಂದ ಕೇಳಿದ್ದಾರೆ. ಕೇಳಿದವರು ಆ ಆಟಗಳನ್ನು ತರಿಸುವವರು, ನಮ್ಮ ಓನರಿಗೆ ದೂರದ ನೆಂಟರು. ಹೌದು ಅಥವಾ ಇಲ್ಲ ಎಂದು ಒಂದು ಸಾಲು ಬರೆದರೆ ಅವರಿಗೆ ಸಾಕು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವವನು. ಒಂದು ಸಾಲಿಗೂ ಹೊತ್ತು ಹಿಡಿಯುತ್ತದೆ. ಆದರೂ ಒಂದು ಸಾಲಿನಲ್ಲಿ ಹೇಳಿದರೆ ಸುಳ್ಳಾಗುತ್ತದೆ ಅನ್ನಿಸಿ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ರಾಬರ್ಟ್‌ಸನ್‌ಪೇಟೆಯಲ್ಲಿ ನಾನು ಕೆಲಸ ಮಾಡುವ ಅಂಗಡಿಯಲ್ಲಿ ಜೆರಾಕ್ಸ್, ಪ್ರಿಂಟ್ ಮಾಡಿಕೊಡುತ್ತೇವೆ. ಕೀಬೋರ್ಡು, ಮೌಸು, ಪೆನ್‌ಡ್ರೈವು ಮಾರುತ್ತೇವೆ. ಹೋದ ವರ್ಷ ಆ ನೆಂಟರು ಒಂದೇ ಆಟದ ಕೆಲವು ಡಬ್ಬಗಳನ್ನು ತಂದು ಗಾಜಿನ ಬೀರುವಿನಲ್ಲಿ ಜೋಡಿಸಿ ಹೋದರು. ಮೂಲೆಯ ಹಳೆಯ ಕಂಪ್ಯೂಟರಿಗೆ ಡೆಮೊ, ಅಂದರೆ ಬಿಟ್ಟಿ ಆಡಿ ನೋಡಲು ಆಟದ ಮೊದಲ ಭಾಗ ಮಾತ್ರ, ಹಾಕಿಕೊಟ್ಟರು. ಇದಕ್ಕೆ ವಿಷುಯಲ್ ನಾವೆಲ್ ಅನ್ನುತ್ತಾರಂತೆ. ಓಡುವುದು, ಗುಂಡು ಹಾರಿಸುವುದು ಏನೂ ಇಲ್ಲ. ತೆರೆಯ ಮೇಲೆ ಒಂದು ಚಿತ್ರ, ಕೆಳಗೆ ಎರಡು ಸಾಲು ಇಂಗ್ಲಿಷ್. ಮೌಸ್ ಒತ್ತಿದರೆ ಮುಂದಿನ ಎರಡು ಸಾಲು. ಅಲ್ಲಲ್ಲಿ ಕತೆ ನಿಂತು, ಈಗ ಏನು ಮಾಡುತ್ತೀ ಎಂದು ಎರಡು ಉತ್ತರ ತೋರಿಸಿ ಒಂದನ್ನು ಆರಿಸಿಕೋ ಅನ್ನುತ್ತದೆ. ಅಷ್ಟೇ ಆಟ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಮೂವತ್ತೆರಡನೇ ವಯಸ್ಸಿಗೆ, ಹೊರಗಿನಿಂದ ಕಟ್ಟಿ. ಮೇಷ್ಟ್ರು ಓದಿಸುವಾಗಲೂ, ಸಿನಿಮಾದ ಕೆಳಗೆ ಅಕ್ಷರ ಬರುವಾಗಲೂ ನಾನು ಅರ್ಧ ಓದುವಷ್ಟರಲ್ಲಿ ಮುಂದಕ್ಕೆ ಹೋಗಿಬಿಡುತ್ತಿತ್ತು. ನಾನು ಒತ್ತುವ ತನಕ ಕಾದಿರುವ ಕತೆ ನನಗೆ ಸಿಕ್ಕಿದ್ದು ಇದೊಂದೇ. ಗಿರಾಕಿ ಕೇಳಿದರೆ ಹೇಳಬೇಕಲ್ಲ ಎಂದು ಓನರ್ ಒಂದು ಡಬ್ಬ ನನ್ನ ಕೈಗೆ ಕೊಟ್ಟರು. ಊರಿಗಾಂನಲ್ಲಿ ಗಣಿಯ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ್ದ ಹಳೆಯ ಲೈನು ಮನೆಯಲ್ಲಿ ನಾನು ಒಬ್ಬನೇ ಇರುವುದು. ಭಾನುವಾರ ಭಾನುವಾರ ಅಂಗಡಿಯ ಒಂದು ಹಳೆಯ ಲ್ಯಾಪ್‌ಟಾಪು, ಡಿಕ್ಷನರಿ ಇಟ್ಟುಕೊಂಡು ಕೂತೆ. ಮುಗಿಸಲು ನಾಲ್ಕು ತಿಂಗಳು ಹಿಡಿಯಿತು.

ಕತೆ ದೊಡ್ಡದೇನಲ್ಲ. ಸಮುದ್ರದ ನಡುವೆ ಒಂದು ಪುಟ್ಟ ಊರು, ದಿನಕ್ಕೆ ಒಂದೇ ದೋಣಿ. ಅಲ್ಲಿ ಊರಿನವರೆಲ್ಲ ಬಂದು ಸ್ನಾನ ಮಾಡುವ ಒಂದು ಬಿಸಿನೀರಿನ ಮನೆ. ಅದನ್ನು ನಡೆಸುವವಳು ಅಕ್ಕ; ಆಟದಲ್ಲಿ ನಾವು ಉತ್ತರ ಆರಿಸುವುದು ಅವಳ ಪರವಾಗಿ. ಮಾತು ಬಿಟ್ಟು ಹೊರಟುಹೋಗಿದ್ದ ತಂಗಿ ಹತ್ತು ವರ್ಷದ ಮೇಲೆ ವಾಪಸು ಬರುತ್ತಾಳೆ. ಕೊನೆಗೆ ಮತ್ತೆ ಅದೇ ದೋಣಿ ಹತ್ತಿ ಹೋಗಿಬಿಡುತ್ತಾಳೆ. ಅಕ್ಕ ಒಲೆ ಆರಿಸಿ ಬಾಗಿಲು ಹಾಕುತ್ತಾಳೆ. ಅದನ್ನು ಓದಿ ಮುಗಿಸಿದ ಮಧ್ಯಾಹ್ನ ನಾನು ಹೊರಗೆ ಬಂದು ನಿಂತೆ. ಎದುರುಮನೆಯವರು ಕೊಳಾಯಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರು. ಅವಳು ಯಾಕೆ ಉಳಿಯಲಿಲ್ಲ ಎಂದು ಯಾರನ್ನು ಕೇಳಲಿ? ಇದನ್ನು ಪೂರ್ತಿ ಓದಿದ ಇನ್ನೊಬ್ಬರು ಸಿಗಬೇಕು, ಅವರ ಜೊತೆ ಕೂತು ಮಾತಾಡಬೇಕು ಎಂಬ ಆಸೆ ಅವತ್ತು ಹತ್ತಿಕೊಂಡಿತು.

ಡೆಮೊ ಜನರನ್ನು ಕರೆಯಿತು, ಅದರಲ್ಲಿ ಅನುಮಾನವಿಲ್ಲ. ಜೆರಾಕ್ಸಿಗೆ ಬಂದವರು ಸುಮ್ಮನೆ ಇಣುಕಿ, ಒಂದೆರಡು ಸಲ ಒತ್ತಿ, ಆಮೇಲೆ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಇಂಗ್ಲಿಷ್ ತಿಳಿಯದವರಿಗೆ ನಾನೇ ಕನ್ನಡದಲ್ಲೋ ತೆಲುಗಿನಲ್ಲೋ ಹೇಳುತ್ತಿದ್ದೆ. ಕತೆಯಲ್ಲಿ ಒಂದು ಸಂಜೆ ತಂಗಿ ಅಕ್ಕನ ಕೋಣೆಯ ಬಾಗಿಲು ಸರಿಸಿ, "ಅಕ್ಕಾ, ನಾನೊಂದು ಹೇಳಬೇಕು" ಅನ್ನುತ್ತಾಳೆ. ತೆರೆ ಬೆಳ್ಳಗಾಗುತ್ತದೆ. ಡೆಮೊ ಅಲ್ಲಿಗೆ ನಿಲ್ಲುತ್ತದೆ.

ಮಾರಿಕುಪ್ಪಂನಿಂದ ಆಧಾರ್ ಪ್ರಿಂಟಿಗೆ ಬಂದಿದ್ದ ಒಬ್ಬ ಹೆಂಗಸು ಆ ಬಿಳಿ ತೆರೆಯ ಮುಂದೆ ಕೂತು, "ಅಪ್ಪುರಂ? ಅಪ್ಪುರಂ ಎನ್ನಾಚ್ಚು ತಂಬಿ?" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಆಮೇಲೆ ಏನಾಯಿತು ಎಂದು ನನ್ನನ್ನು ಯಾರೂ ಅಷ್ಟು ಆಸೆಯಿಂದ ಕೇಳಿರಲಿಲ್ಲ. ನನಗೆ ಬರುವ ತಮಿಳಿನಲ್ಲಿ ಎಲ್ಲ ಹೇಳಿಬಿಟ್ಟೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಪ್ರಿಂಟು ಮಡಚಿಕೊಂಡು ಹೋದರು. ಆಮೇಲೆ ಕೇಳಿದವರಿಗೆಲ್ಲ ಹೇಳಿದೆ. ಡಬ್ಬ ಮಾತ್ರ ಒಂದೂ ಕದಲಲಿಲ್ಲ. ಕೇಳಿ ಹೋದವರ ಜೊತೆ ಮಾತಾಡುವುದಕ್ಕೂ ಏನೂ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ನಾನು ಹೇಳಿದಷ್ಟೇ.

ಒಂದು ದಿನ ಓನರ್ ಹಿಂದೆ ನಿಂತು ಕೇಳಿಸಿಕೊಂಡರು.

"ಲೇ, ಟಿಕೆಟ್ ಮಾರೋ ಕಿಟ್ಕಿತಾವ ಕುಂತ್ಕಂಡು ಕ್ಲೈಮ್ಯಾಕ್ಸ್ ಏಳ್ತಾ ಇದ್ದೀಯಲ್ಲೋ! ಇನ್ನ ಯಾವನ್ಲಾ ಒಳೀಕ್ಕೋಗ್ತಾನೆ?"

"ಕೇಳಿದ್ರು ಅಣ್ಣ."

"ಕೇಳ್ತಾರೆ ಕಣ್ಲಾ, ಬಿಟ್ಟಿ ಅಂದ್ರೆ ಕೇಳ್ದೆ ಬುಡ್ತಾರಾ? ಯುಗಾದಿಗಂಟ ನೋಡ್ತೀನಿ. ಒಂದ್ ಡಬ್ಬಾನೂ ಓಗ್ನಿಲ್ಲ ಅಂದ್ರೆ ಆ ಕಂಪ್ಯೂಟ್ರು ಎತ್ತಿ ಬಿಸಾಕಿ ಇನ್ನೊಂದ್ ಜೆರಾಕ್ಸ್ ಮಿಶಿನ್ ಇಡ್ತೀನಿ. ಅದ್ಕೆ ಕತೆ ಏಳಾದು ಬ್ಯಾಡ."

ಆ ದಿನಗಳಲ್ಲೇ ಡೇರಿಯವರು ಬರತೊಡಗಿದ್ದು. ಬಂಗಾರಪೇಟೆ ದಾರಿಯ ಒಂದು ಹಳ್ಳಿಯಲ್ಲಿ ಡೇರಿಗೆ ಬಂದ ಹಾಲು ಅಳೆಯುವುದು ಅವರ ಕೆಲಸ. ನನಗಿಂತ ಐದಾರು ವರ್ಷ ದೊಡ್ಡವರು. ಹಸುಗಳ ವಿಮೆ ಫಾರಂ ಜೆರಾಕ್ಸ್ ಮಾಡಿಸಲು ಮಂಗಳವಾರ, ಶನಿವಾರ ಬರುತ್ತಿದ್ದರು. ಓದುವುದು ನನ್ನಷ್ಟೇ ನಿಧಾನ. ಇಬ್ಬರೂ ಒಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದೆವು. ಒಂದು ದಿನ ಅವರು ತೆರೆಯ ಮೇಲಿನ ತಂಗಿಯನ್ನು ತೋರಿಸಿ ಕೇಳಿದರು.

"ಅಣ್ಣೋ, ಈಯಮ್ಮ ಯಾಕೆ ಬಾಯೇ ಬುಡಲ್ಲ? ಮೂಗೀನಾ?"

"ಮೂಗಿ ಅಲ್ಲಣ್ಣ. ಮುನಿಸ್ಕಂಡವ್ಳೆ."

"ಓ, ಆ ಕಾಯ್ಲೇನಾ! ನಮ್ಮನೇಲೂ ಐತೆ ಬುಡಿ."

ಬೇರೆಯವರು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಡೆಮೊ ನಮಗೆ ಐದು ವಾರ ಬಂತು. ಮಂಗಳವಾರ ಬೆಳಿಗ್ಗೆ ಅಂಗಡಿ ಗುಡಿಸುವಾಗಲೇ ಎರಡನೇ ಸ್ಟೂಲನ್ನು ಒರೆಸಿಡುತ್ತಿದ್ದೆ. ಒಂದು ಶನಿವಾರ ಅಕ್ಕನ ಕೋಣೆಯ ಬಾಗಿಲು ಸರಿಯಿತು, ತೆರೆ ಬೆಳ್ಳಗಾಯಿತು. ಅವರು ಇನ್ನೂ ನಾಲ್ಕು ಸಲ ಒತ್ತಿದರು.

"ಏನಂದ್ಳಣ್ಣ? ಮುಂದೇನು?"

ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಇವರೂ ಕೇಳಿಕೊಂಡು ಹೋಗುತ್ತಾರೆ, ಓದುವುದಿಲ್ಲ. "ಏಳಕ್ಕಿಲ್ಲಣ್ಣ" ಅಂದೆ.

"ಅಯ್ಯೋ, ಇಷ್ಟ್ ದಿನ ಜೊತ್ಯಾಗ್ ಕುಂತು ಈಗ ಬಾಯಿಗೆ ಬೀಗ ಆಕ್ಕಂಡ್ರಲ್ಲ! ಅಕ್ಕತಂಗೀರು ಒಂದಾದ್ರಾ ಇಲ್ವಾ, ಅಷ್ಟಾದ್ರೂ ಏಳಿ."

"ಡಬ್ಬದಾಗೈತೆ."

ಅವರು ಬೀರುವಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಜೋರಾಗಿ ನಕ್ಕರು. "ಭಲೇ ಯಾಪಾರ್ದವ್ರು ಆಗ್ಬುಟ್ರಿ! ಕೊಡಿ ಅತ್ಲಾಗೆ. ಮಗ್ಳ ಲ್ಯಾಪ್‌ಟಾಪ್ ಐತೆ, ಆಕಿ ನೋಡ್ತೀನಿ."

ಹೀಗೆ ಒಂದು ಡಬ್ಬ ಹೋಯಿತು. ಮೂಲೆಯ ಕಂಪ್ಯೂಟರ್ ಉಳಿಯಿತು. ಡೆಮೊದಿಂದಲೇ ಮಾರಾಟವಾಯಿತು ಎಂದು ಬೆಂಗಳೂರಿನವರು ಧಾರಾಳವಾಗಿ ಬರೆದುಕೊಳ್ಳಬಹುದು. ಪಕ್ಕದಲ್ಲಿ ಕೂತವನು ಬಾಯಿ ಮುಚ್ಚಿಕೊಂಡಿರಬೇಕು, ಅಷ್ಟೇ.

ಮುಂದಿನ ಮಂಗಳವಾರ ಡೇರಿಯವರು ಬರಲಿಲ್ಲ. ಶನಿವಾರವೂ ಇಲ್ಲ. ಡೇರಿಗೇ ಜೆರಾಕ್ಸೂ ತೆಗೆಯುವ ಒಂದು ಪ್ರಿಂಟರ್ ಬಂದಿದೆ ಎಂದು ಆ ಕಡೆಯ ಆಟೋದವರು ಹೇಳಿದರು. ಬರಲು ಇನ್ನು ಕಾರಣವೇ ಇಲ್ಲ. ಕತೆಯೂ ಅವರ ಮನೆಯಲ್ಲೇ ಇದೆ. ಆದರೂ ಮುಗಿಸಿದ ಮೇಲೆ ಬಂದೇ ಬರುತ್ತಾರೆ ಎಂದು ನಾನು ನಂಬಿದ್ದೆ. ಅವರನ್ನು ಏನು ಕೇಳಬೇಕೆಂದು ಯೋಚಿಸಿಕೊಂಡೆ. ಅಕ್ಕ ದೋಣಿಯ ತನಕ ಹೋದವಳು ಯಾಕೆ ಕೂಗಿ ಕರೆಯಲಿಲ್ಲ? ನನಗಿದ್ದದ್ದು ಅದೊಂದೇ ಪ್ರಶ್ನೆ.

ಯುಗಾದಿ ಕಳೆದು ಎಷ್ಟೋ ದಿನದ ಮೇಲೆ ಜೆರಾಕ್ಸ್ ಮಿಶಿನ್ನಿನ ಟೋನರ್ ಪಾರ್ಸಲ್ ತರಲು ಬಂಗಾರಪೇಟೆಗೆ ಹೋಗಿದ್ದೆ. ಸ್ಟೇಷನ್ನಿನಲ್ಲಿ ಮಾಲೂರು ಕಡೆಯ ಗಾಡಿಗೆ ಕಾಯುತ್ತ ಅವರು ನಿಂತಿದ್ದರು. ನಾನು ಪಾರ್ಸಲ್ ಹೊತ್ತುಕೊಂಡೇ ಓಡಿದೆ.

"ಮುಗೀತಾಣ್ಣ?"

"ಮುಗೀದೆ ಇರ್ತದಾ! ನಾನೂ ಮಗ್ಳೂ ಸೇರ್ಕಂಡು ಓದಿದ್ದು. ನಮ್ಮನೇವ್ಳೂ ಪಕ್ಕದಾಗ್ ಕುಂತಿದ್ಳು. ಕೊನೀಗೆ ಇಬ್ರೂ ಸೇರಿ ಒಲೆ ಅಚ್ತಾರಲ್ಲ, ನಮ್ಮನೇವ್ಳು ಅತ್ತೇ ಬುಟ್ಳು."

ನನಗೆ ತಿಳಿಯಲಿಲ್ಲ. "ಇಬ್ರೂನಾ? ತಂಗಿ ಒಂಟೋಗಲ್ವಾ?"

"ಎಲ್ಲೋಯ್ತಾಳೆ? ಬಾಗ್ಲು ತೆಗ್ದು ನಿಂತವ್ಳಲ್ಲ, ಆಗ ಎರ್ಡು ಬತ್ತದೆ ನೋಡಿ. ಎಲ್ಲೋಗಿದ್ದೆ ಅಂತ ಕೇಳಾದಾ, ಊಟಕ್ಕಿಕ್ಕಾದಾ ಅಂತ. ನಾವು ಊಟಕ್ಕಿಕ್ಕಿದ್ವಿ. ನೀವು?"

"ಎಲ್ಲೋಗಿದ್ದೆ ಅಂತ ಕೇಳ್ದೆ."

"ಅಯ್ಯೋ ದ್ಯಾವ್ರೆ! ಅತ್ತು ವರ್ಸಕ್ಕೆ ಮನೀಗೆ ಬಂದೋಳ್ನ ಯಾರಾದ್ರೂ ಮೊದ್ಲೇ ಅಂಗ್ ಕೇಳ್ತಾರೇನಣ್ಣ?"

ಎರಡು ಉತ್ತರ ಬಂದಾಗಲೆಲ್ಲ ಅದು ಪರೀಕ್ಷೆಯ ಪ್ರಶ್ನೆಯೆಂದೇ ನಾನು ತಿಳಿದಿದ್ದೆ; ಒಂದು ಸರಿ, ಒಂದು ತಪ್ಪು. ನಿಜ ಕೇಳುವುದೇ ಸರಿ ಅನ್ನಿಸಿತ್ತು. ಕತೆಗೆ ಇನ್ನೊಂದು ಕೊನೆ ಇರಬಹುದೆಂದು ಹೊಳೆದೇ ಇರಲಿಲ್ಲ. ನಾನು ಕೂಡಿಟ್ಟುಕೊಂಡಿದ್ದ ಪ್ರಶ್ನೆ ಅವರು ಓದಿದ ಕತೆಯಲ್ಲಿ ಇಲ್ಲವೇ ಇಲ್ಲ. ಆದರೂ ಹೇಳಿಕೊಳ್ಳೋಣವೆಂದು, "ನಂದ್ರಾಗೆ ಏನಾಯ್ತು ಅಂದ್ರೆ" ಎಂದು ಶುರು ಮಾಡಿದೆ.

ಅವರು ಎರಡೂ ಕೈ ಅಡ್ಡ ಹಿಡಿದರು. "ಬ್ಯಾಡ ಬ್ಯಾಡ, ಏಳ್ಬೇಡಿ! ಇನ್ನೊಂದೈತೆ ಅಂತ ಈಗ ಗೊತ್ತಾಯ್ತಲ್ಲ, ಅದ್ನೂ ನಾವೇ ಓದ್ತೀವಿ. ಮಗ್ಳ ಪರೀಕ್ಸೆ ಮುಗೀಲಿ."

ಗಾಡಿ ಬಂತು. ಅವರು ಹತ್ತಿ ಕಿಟಕಿಯಿಂದ ಕೈ ಬೀಸಿದರು. ನಾನು ಮಾರಿಕುಪ್ಪಂ ಗಾಡಿಗೆ ಈ ಕಡೆ ಬಂದೆ.

ಆಮೇಲೆ ಎರಡು ಭಾನುವಾರ ನಾನೂ ಆ ಬಾಗಿಲಿನ ತನಕ ಮತ್ತೆ ಓದಿಕೊಂಡು ಬಂದೆ. ಎರಡು ಉತ್ತರಗಳೂ ತೆರೆಯ ಮೇಲೆ ನಿಂತಿದ್ದವು. ಊಟಕ್ಕೆ ಇಕ್ಕುವುದನ್ನು ಒತ್ತಿದರೆ ತಂಗಿ ಉಳಿಯುತ್ತಾಳೆ. ಆದರೆ ಅದು ನನಗೆ ತೋಚಿದ್ದಲ್ಲ, ಪಕ್ಕದವರದನ್ನು ನೋಡಿ ಬರೆದ ಹಾಗೆ. ಎರಡು ಸಲವೂ ಒತ್ತದೆ ಮುಚ್ಚಿಟ್ಟೆ.