ಗುಡ್ಡದ ಎಡಗಡೆಯ ಉಬ್ಬುಗಳು

ಶಬಾನಾ, ಆವತ್ತು ನಿನ್ನ ಲೆಕ್ಕ ಸರಿ ಇತ್ತು. ತಪ್ಪಿದೆ ಎಂದು ಸರ್ ಮುಂದೆ ಹೇಳಿದವಳು ನಾನು — ಸರಿ ಇದೆ ಎಂದು ಗೊತ್ತಿದ್ದೇ ಹೇಳಿದೆ.

ಎಷ್ಟೋ ವರ್ಷಗಳಾದವು. ಈಗಲೂ ದಾವಣಗೆರೆ ಬಸ್ಸು ಕಂಡರೆ ನಾವು ಎಂ.ಎಸ್ಸಿ. ಓದಿದ ದಿನಗಳೇ ಕಣ್ಣ ಮುಂದೆ. ನಾನು ಕೊಟ್ಟೂರಲ್ಲಿ ಹತ್ತಿ, ಕಿಟಕಿ ಪಕ್ಕ ಬ್ಯಾಗಿಟ್ಟು ನಿನಗೆ ಸೀಟು ಹಿಡಿಯುತ್ತಿದ್ದೆ. "ಬ್ಯಾಗಿನ ಮಾಲಕರು ಹರಪನಹಳ್ಳಿಗೆ ಬರ್ತಾರೇನ್ರಿ?" ಎಂದು ಕಂಡಕ್ಟರ್ ದಿನಾ ಕೇಳುತ್ತಿದ್ದ. ತೆಲಿಗಿ ದಾಟುವ ತನಕ ಬುತ್ತಿ ಬಿಚ್ಚಬಾರದೆಂದು ನಮ್ಮ ಕರಾರು. ಮುರಿಯುತ್ತಿದ್ದವಳು ಯಾವಾಗಲೂ ನೀನೇ. ನನ್ನ ರೊಟ್ಟಿ, ಶೇಂಗಾ ಚಟ್ನಿ ನಿನ್ನ ಕೈಗೆ. ನಿಮ್ಮ ಅಮ್ಮಿಯ ಬದ್ನಿಕಾಯಿ ಪಲ್ಯ ನನ್ನ ಕೈಗೆ.

ಇಬ್ಬರ ಪ್ರಾಜೆಕ್ಟಿಗೂ ಒಬ್ಬರೇ ಸರ್, ಒಂದೇ ವಿಷಯ. ಕೂದಲೆಳೆಯಂಥ ಗಾಜಿನ ತಂತು. ಅದರೊಳಗೆ ಒಂದರ ಪಕ್ಕ ಒಂದು, ಕಣ್ಣಿಗೆ ಕಾಣದ ಗೆರೆಗಳು. ಒಂದೊಂದು ಗೆರೆಯೂ ಚಿಟಿಕೆಯಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಒಂದು ಬಣ್ಣಕ್ಕೆ ಮಾತ್ರ ಎಲ್ಲ ಗೆರೆಗಳೂ ಒಮ್ಮತಕ್ಕೆ ಬರುತ್ತವೆ, ಆ ಬಣ್ಣ ಹೆಚ್ಚುಕಡಿಮೆ ಪೂರಾ ಮರಳುತ್ತದೆ. ಯಾವ ಬಣ್ಣ ಎಷ್ಟು ಮರಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕ್ಷೆ ಬಿಡಿಸುವುದು ನಮ್ಮ ಕೆಲಸ. ನನ್ನದರಲ್ಲಿ ಎರಡೂ ಕಡೆ ಸಮನಾಗಿ ಇಳಿದ ನುಣುಪಾದ ಗುಡ್ಡ ಬಂತು. ನಿನ್ನದರಲ್ಲಿ ಗುಡ್ಡದ ಎಡಕ್ಕೆ ಮಾತ್ರ ಸಣ್ಣ ಸಣ್ಣ ಉಬ್ಬು.

"ಗಿರಿಜಾಂದು ಹೊಲಿದ ಅಂಗಿ ಇದ್ದಂಗೈತಿ. ನಿಂದು ನೋಡವ್ವ, ಒಂದ್ ತೋಳು ಉದ್ದ" ಎಂದರು ಸರ್.

ನಿಮ್ಮ ತಂದೆ ದರ್ಜಿ. ನೀನು ಬಿಡುವವಳೇ? "ಎಲ್ಲಾರ ತೋಳೂ ಸಮ ಇರಂಗಿಲ್ಲ ಸರ್. ನಮ್ಮ ಅಬ್ಬಾ ಅಳತಿ ತಗೊಂಡೇ ಹೊಲಿತಾರ."

ಸರ್ ನಕ್ಕುಬಿಟ್ಟರು. ಅವರದೊಂದು ಪದ್ಧತಿ — ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸಬೇಕು, ಪರೀಕ್ಷಿಸಿದವರು ಹೇಳಿದ್ದೇ ಕೊನೆ. ನಿನ್ನ ಹಾಳೆಗಳನ್ನು ನನ್ನ ಕೈಗೆ ಕೊಟ್ಟರು.

ಭಾನುವಾರ ಅವ್ವ ಅಂಗಳದಲ್ಲಿ ಹಪ್ಪಳ ಒಣಗಲಿಟ್ಟಿದ್ದಳು. ಕಾಗೆ ಕಾಯುತ್ತ, ನೆರಳಿನಲ್ಲಿ ಕೂತು ನಿನ್ನ ಲೆಕ್ಕ ಬಿಡಿಸಿದೆ. ತಪ್ಪು ಹುಡುಕಲೆಂದೇ ಕೂತಿದ್ದೆ. ಸಿಕ್ಕಿದ್ದು ನನ್ನ ತಪ್ಪು. ಗಾಜಿನಲ್ಲಿ ಆ ಗೆರೆ ಮೂಡಿಸುವುದೂ ಬೆಳಕೇ. ಆ ಬೆಳಕು ನಡುವೆ ಜೋರು, ಎರಡು ತುದಿಯಲ್ಲಿ ಮೆತ್ತಗೆ. ಅದು ಗೆರೆಯನ್ನಷ್ಟೇ ಮೂಡಿಸಿ ಸುಮ್ಮನಾಗುವುದಿಲ್ಲ, ನಡುವಿನ ಗಾಜಿನ ಗುಣವನ್ನೇ ಬದಲಿಸುತ್ತದೆ. ಹಾಗಾಗಿ ನಡುಭಾಗ ಒಂದು ಬಣ್ಣ ಮರಳಿಸಿದರೆ ತುದಿಗಳೆರಡೂ ಇನ್ನೊಂದನ್ನು ಮರಳಿಸುತ್ತವೆ — ಎದುರುಬದುರು ನಿಂತ ಕನ್ನಡಿಗಳ ಹಾಗೆ ಬೆಳಕನ್ನು ಎಸೆದಾಡುತ್ತವೆ. ಉಬ್ಬುಗಳು ಹುಟ್ಟಿದ್ದು ಅಲ್ಲಿಂದ. ನೀನು ಅದನ್ನು ಲೆಕ್ಕಕ್ಕೆ ಹಿಡಿದಿದ್ದೆ. ನಾನು ಗಾಜು ಎಲ್ಲ ಕಡೆ ಒಂದೇ ಎಂದುಕೊಂಡಿದ್ದೆ.

ಮರುದಿನ ಸರ್ ಕೇಳಿದರು. ಸಂಶೋಧನೆಗೆಂದು ದೂರದ ಪ್ರಯೋಗಾಲಯಕ್ಕೆ ಒಬ್ಬರ ಹೆಸರನ್ನಷ್ಟೇ ಕಳಿಸುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ನೀನು ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದೆ — ಅಂಜಿಕೆಯಿಂದಲ್ಲ, ಲೆಕ್ಕ ಪರೀಕ್ಷಿಸಿದವಳು ಗಿರಿಜಾ ಅಲ್ಲವೇ ಎಂಬ ಧೈರ್ಯದಿಂದ.

"ಶಬಾನಾನ ಲೆಕ್ಕದಾಗ ತಪ್ಪೈತಿ ಸರ್."

ಅಷ್ಟೇ. ಎಲ್ಲಿ ಎಂದು ಸರ್ ಕೇಳಲಿಲ್ಲ. ನೀನೂ ಕೇಳಲಿಲ್ಲ — ಕೇಳಿದ್ದರೆ... ಇಲ್ಲ, ಕೇಳಿದ್ದರೂ ಏನಾದರೊಂದು ಹೇಳುತ್ತಿದ್ದೆ. ಬಸ್ಸಿನಲ್ಲಿ ನೀನೇ ನನ್ನನ್ನು ಸಮಾಧಾನ ಮಾಡಿದೆ. "ಮಾರಿ ಯಾಕ್ ಸಣ್ಣ ಮಾಡೀಲೇ? ತಪ್ಪು ಮಾಡಿದಾಕಿ ನಾನು, ಅಳಾಕಿ ನೀನಾ?" ಆಮೇಲೆ ನೀನು ಉಬ್ಬುಗಳನ್ನೆಲ್ಲ ತೆಗೆದು, ನನ್ನದರಂಥದೇ ನುಣುಪು ಗುಡ್ಡವನ್ನು ಸರ್‌ಗೆ ಒಪ್ಪಿಸಿದೆ.

ಹೋದದ್ದು ನನ್ನ ಹೆಸರು. ಕರೆ ಬಂದರೆ ಕಳಿಸೋಣ ಎನ್ನುತ್ತಿದ್ದ ನಿಮ್ಮ ಮನೆಯವರು, ಬರದಿದ್ದಾಗ ನಿನ್ನ ಮದುವೆ ಗೊತ್ತು ಮಾಡಿದರು. ಇತ್ತ ಪ್ರಯೋಗಾಲಯದಲ್ಲಿ ಮೊದಲ ಸಲ ನಿಜವಾದ ತಂತುವಿಗೆ ಬೆಳಕು ಬಿಟ್ಟೆವು. ಪರದೆಯ ಮೇಲೆ ಮೂಡಿದ್ದು ನಿನ್ನ ನಕ್ಷೆ — ಎಡಗಡೆ ಅವೇ ಉಬ್ಬುಗಳು. ಪಕ್ಕದವರು ಚಹಾಕ್ಕೆ ಕರೆದರು. ಎದ್ದು ಹೋದೆ.

ಈಗ ನಾನು ಕೊಟ್ಟೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನೀನು ಹರಪನಹಳ್ಳಿಯ ಶಾಲೆಯಲ್ಲಿ ಗಣಿತ ಹೇಳುತ್ತೀ. ಹೋಗಿ ಬರುವುದು ನಿಂತಿಲ್ಲ. ರಂಜಾನ್ ಹಬ್ಬಕ್ಕೆ ನಿನ್ನ ಶಾವಿಗೆಯ ಸುರಕುಂಬಾ ನನ್ನ ಮನೆಗೆ ತಪ್ಪಿದ್ದಿಲ್ಲ. ಪ್ರತಿ ಸಲ ಪಾತ್ರೆ ತೊಳೆದು, ಬರಿದಾಗಿ ಕೊಡಬಾರದೆಂದು ಸಕ್ಕರೆ ತುಂಬಿ ಕೊಟ್ಟೆ. ಹೇಳಬೇಕಾದದ್ದನ್ನು ಮಾತ್ರ —

ಹೋದ ತಿಂಗಳು ನೀನು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದೆ. ಭೌತಶಾಸ್ತ್ರಕ್ಕೆ ಸೇರ್ಯಾಳ ಅಂದೆ, ಆಮೇಲೆ ಅವಳ ಕಡೆ ತಿರುಗಿದೆ. "ಏನಾದ್ರೂ ತಿಳೀಲಿಲ್ಲಂದ್ರ ಈ ಆಂಟಿನ್ನ ಕೇಳು. ನನಗ ಇದು ತಲಿಗೆ ಹತ್ತಲಿಲ್ಲವ್ವ, ನನ್ನ ತಪ್ಪು ಹಿಡಿದಾಕಿನೇ ಇಕಿ." ಹುಡುಗಿ ನಿನ್ನ ಮುಖ ನೋಡಿ ನಕ್ಕಳು. ನೀನೂ ನಕ್ಕೆ. ನಾನು ಒಗ್ಗರಣೆ ಮಂಡಕ್ಕಿ ತರುತ್ತೇನೆಂದು ಒಳಗೆ ಎದ್ದು ಹೋದೆ.

ತಾಯಿಯನ್ನು ಮಗಳು ಹಾಗೆ ನೋಡುವಂತೆ ಮಾಡಿದವಳು ನಾನು. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಅವಳನ್ನು ಕೂರಿಸಿಕೊಂಡು, ನೀನು ಆವತ್ತು ಮಾಡಿದ ಲೆಕ್ಕವನ್ನು ಮೊದಲಿನಿಂದ ಕೊನೆತನಕ ಮಾಡಿ ತೋರಿಸುತ್ತೇನೆ. "ಇದು ನಿಮ್ಮ ಅಮ್ಮಿದು" ಎಂದು ನಿನ್ನ ಮಗಳಿಗೆ ಅನ್ನುತ್ತೇನೆ. ನಾನೇನು ಮಾಡಿದೆ ಎಂಬುದನ್ನೂ ಅವಳಿಗೆ ಹೇಳುತ್ತೇನೆ, ನಿನ್ನ ಎದುರಿಗೇ. ಆಮೇಲೆ ನೀನು ಎದ್ದು ಒಳಗೆ ಹೋದರೆ, ನನ್ನ ಚಪ್ಪಲಿ ನಾನೇ ಹುಡುಕಿ ಮೆಟ್ಟಿಕೊಂಡು ಬರುತ್ತೇನೆ.